ಅಳತೆ ತಪ್ಪಿದ ಹೆಣಿಗೆಯನ್ನು ಸರಿಪಡಿಸುವ ಬಗೆ

ಕೈಯಿಂದ ಹೆಣೆದ ಉಡುಪು ಅಂಗಡಿಯಿಂದ ತಂದ ಉಡುಪಿನಂತಲ್ಲ. ಅಂಗಡಿಯದು ಮೈಗೆ ಒಗ್ಗದಿದ್ದರೆ ಹಿಂದಿರುಗಿಸಬಹುದು, ಇಲ್ಲವೆ ಬೇರೊಬ್ಬರಿಗೆ ಕೊಟ್ಟು ಮರೆಯಬಹುದು. ಆದರೆ ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಹೆಣೆದ ಸ್ವೆಟರು ಅವರ ಮೈಗೇ ಹೊಂದದೆ ಹೋದಾಗ ಆಗುವ ವ್ಯಥೆಯನ್ನು ಹೆಣೆದವರೇ ಬಲ್ಲರು. ಹಾಗೆ ಪೆಟ್ಟಿಗೆಯ ತಳ ಸೇರಿದ ಸ್ವೆಟರುಗಳು ಅನೇಕ ಮನೆಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಲು ಬರುತ್ತದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜನಿಗೆಂದು ಸ್ವೆಟರು ಹೆಣೆದಳು. ತೊಡಿಸಿ ನೋಡಿದರೆ ಎದೆಯ ಭಾಗ ಜೋಲುತ್ತಿತ್ತು. ತೋಳು ಬೆರಳುಗಳನ್ನೆಲ್ಲ ಮುಚ್ಚುತ್ತಿತ್ತು. “ಅಕ್ಕೋರ, ಎಲ್ಲಾ ಬಿಚ್ಚಿಬಿಡ್ತೀನ್ರಿ” ಎಂದು ಕಣ್ಣಲ್ಲಿ ನೀರು ತಂದಳು. ಬಿಚ್ಚುವ ಮೊದಲು ಅಳೆಯೋಣವೆಂದು ಹೇಳಿ ಟೇಪು ತರಿಸಿದೆ.

ಸುತ್ತಳತೆ 90 ಸೆಂಟಿಮೀಟರ್ ಇರಬೇಕಿತ್ತು. ಹತ್ತು ಸೆಂಟಿಮೀಟರಿಗೆ 22 ಕುಣಿಕೆಗಳೆಂಬ ಪುಸ್ತಕದ ಲೆಕ್ಕದಂತೆ ಆಕೆ 198 ಕುಣಿಕೆಗಳನ್ನು ಹಾಕಿದ್ದಳು. ಆದರೆ ಆಕೆಯ ಕೈ ಸಡಿಲ. ಹತ್ತು ಸೆಂಟಿಮೀಟರಿಗೆ 20 ಕುಣಿಕೆಗಳು ಮಾತ್ರ ಬಂದಿದ್ದವು. ಅಷ್ಟರಿಂದಲೇ ಸುತ್ತಳತೆ 99 ಸೆಂಟಿಮೀಟರ್ ಆಗಿತ್ತು. ಎಣಿಕೆ ತಪ್ಪಿರಲಿಲ್ಲ, ಮೊದಲು ಒಂದು ಚಿಕ್ಕ ಮಾದರಿ ತುಂಡನ್ನು ಹೆಣೆದು ಅಳೆಯದಿದ್ದುದೇ ತಪ್ಪು. ಹೊಂದದ ಉಡುಪುಗಳಲ್ಲಿ ಬಹಳಷ್ಟು ಕೆಡುವುದು ಹೀಗೆಯೇ.

ಕಾರಣ ತಿಳಿದ ಮೇಲೆ ಉಪಾಯ. ಇಲ್ಲಿ ನೆನಪಿಡಬೇಕಾದ ಮುಖ್ಯ ಸೂತ್ರವೊಂದಿದೆ: ಹಿಂದಕ್ಕೆ ತೆಗೆದುಕೊಳ್ಳಬಹುದಾದ ಉಪಾಯವನ್ನೇ ಮೊದಲು ಮಾಡಬೇಕು. ಇದನ್ನು ನಾನು ಕಲಿತುದು ನಷ್ಟದಿಂದ. ನನ್ನ ತಾಯಿ ಹೆಣೆದುಕೊಟ್ಟ ಉಣ್ಣೆಯ ಸ್ವೆಟರು ತುಸು ಸಡಿಲವಾಗಿದೆಯೆಂದು ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದೆ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಶಾಖ ಮತ್ತು ತಿಕ್ಕಾಟದಿಂದ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಅದನ್ನು ಮರಳಿ ಬಿಡಿಸಲಾಗದು. ಆ ಸ್ವೆಟರು ಈಗ ಚಿಕ್ಕ ಮಗುವಿಗೂ ಬಾರದು. ತಾಯಿ ಇಂದು ಇಲ್ಲ.

ಮೊದಲು ನೂಲು ಯಾವುದೆಂದು ತಿಳಿಯಬೇಕು. ಉಲ್ಲನ್ ಎಂಬ ಹೆಸರಿನಲ್ಲಿ ಮಾರುವ ನೂಲು ಎಷ್ಟೋ ವೇಳೆ ಅಕ್ರಿಲಿಕ್ ಆಗಿರುತ್ತದೆ. ಹಿರಿಯರ ಸಮಕ್ಷಮದಲ್ಲಿ ಒಂದು ತುಂಡು ಎಳೆಯನ್ನು ಸುಟ್ಟು ನೋಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಉಣ್ಣೆಯ ಉಡುಪು ತುಸು ಬಿಗಿಯಾಗಿದ್ದರೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಸಮತಲದ ಮೇಲೆ ಬೇಕಾದ ಅಳತೆಗೆ ಹರಡಿ, ಪಿನ್ನು ಚುಚ್ಚಿ ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬಹುಮಟ್ಟಿಗೆ ಆ ಆಕಾರದಲ್ಲೇ ನಿಲ್ಲುತ್ತದೆ. ಅಕ್ರಿಲಿಕ್ ಹೀಗೆ ನಿಲ್ಲದು; ಅದಕ್ಕೆ ಬಿಸಿ ಇಸ್ತ್ರಿ ತಾಗಿಸಿದರೆ ಜೀವವಿಲ್ಲದಂತೆ ಜೋತುಬೀಳುತ್ತದೆ.

ಅಗಲ ಹೆಚ್ಚಾಗಿದ್ದರೆ ಪಕ್ಕದ ಹೊಲಿಗೆಯನ್ನು ಮಾತ್ರ ಬಿಚ್ಚಿ, ಮೊಂಡು ಸೂಜಿಯಿಂದ ಒಳಗೆ ಸರಿಸಿ ಹೊಲಿಯಬೇಕು, ಕತ್ತರಿ ಹಾಕಬಾರದು. ಹಿಂದು-ಮುಂದು ತುಂಡುಗಳಲ್ಲಿ ಎರಡೆರಡು ಸೆಂಟಿಮೀಟರ್ ಒಳಕ್ಕೆ ಹಿಡಿದರೆ ಪಕ್ಕಕ್ಕೆ ನಾಲ್ಕರಂತೆ ಒಟ್ಟು ಎಂಟು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಬಿಗಿಯಾಗಿದ್ದರೆ ಅದೇ ಹೊಲಿಗೆಯಲ್ಲಿ ಮೂರು ಸೆಂಟಿಮೀಟರ್ ಅಗಲದ ಪಟ್ಟಿಯೊಂದೊಂದನ್ನು ಹೆಣೆದು ಸೇರಿಸಿದರೆ ಆರು ಸೆಂಟಿಮೀಟರ್ ಹೆಚ್ಚುತ್ತದೆ. ಕೊರಳು ಅಗಲವಾದರೆ ಕೊರಳ ಪಟ್ಟಿಯನ್ನಷ್ಟೇ ಬಿಚ್ಚಿ ಕಡಿಮೆ ಕುಣಿಕೆಗಳಿಂದ ಮತ್ತೆ ಹೆಣೆದರೆ ಸಾಕು.

ಉದ್ದದ ತೋಳಿಗೆ ಧೈರ್ಯ ಬೇಕು. ಹೆಣಿಗೆ ಮುಗಿಸಿದ ತುದಿಯಿಂದ ಸುಲಭವಾಗಿ ಬಿಚ್ಚುತ್ತದೆ. ಆರಂಭಿಸಿದ ತುದಿಯಿಂದ ಹಾಗೆ ಬಿಚ್ಚದು. ಮಣಿಕಟ್ಟಿನಿಂದ ಆರಂಭಿಸಿದ ತೋಳಾದರೆ ಮೊದಲು ತೋಳಿನ ಹೊಲಿಗೆಯನ್ನು ಸ್ವಲ್ಪ ಬಿಚ್ಚಿ, ತೋಳು ಎಲ್ಲಿ ಮುಗಿದು ಪಟ್ಟಿ ಆರಂಭವಾಗಬೇಕೋ ಆ ಸಾಲಿನ ಎಲ್ಲ ಕುಣಿಕೆಗಳಿಗೂ ತೆಳುವಾದ ಕಡ್ಡಿಯನ್ನು ಪೋಣಿಸಬೇಕು. ಅದರ ಕೆಳಗಿನ ಸಾಲಿನಲ್ಲಿ ಒಂದೇ ಒಂದು ಕುಣಿಕೆಯನ್ನು ಕತ್ತರಿಸಿ, ಆ ಸಾಲಿನ ಎಳೆಯನ್ನು ಮೆಲ್ಲಗೆ ಬಿಡಿಸಿದರೆ ಕೆಳಭಾಗ ಬೇರೆಯಾಗುತ್ತದೆ. ಕಡ್ಡಿಯ ಮೇಲಿರುವ ಕುಣಿಕೆಗಳನ್ನು ಅಲ್ಲಲ್ಲಿ ಎರಡೆರಡು ಸೇರಿಸಿ ಕಡಿಮೆಮಾಡುತ್ತ ಮಣಿಕಟ್ಟಿನ ಪಟ್ಟಿಯನ್ನು ಕೆಳಮುಖವಾಗಿ ಹೆಣೆಯಬೇಕು. ಬಿಚ್ಚಿದ ನೂಲು ಸುರುಳಿಗಟ್ಟಿದ್ದರೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೂಗುಹಾಕಿದರೆ ನೇರವಾಗುತ್ತದೆ.

ಆ ವಿದ್ಯಾರ್ಥಿನಿ ಪಕ್ಕದ ಹೊಲಿಗೆಗಳನ್ನು ಎರಡು ಸಂಜೆಗಳಲ್ಲಿ ಮುಗಿಸಿದಳು. ತೋಳಿಗೆ ಕತ್ತರಿ ಇಡುವಾಗ ಮಾತ್ರ ಆಕೆಯ ಕೈ ನಡುಗಿತು. ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಭದ್ರವಾಗಿವೆಯೆಂದು ತೋರಿಸಿದ ಮೇಲೆಯೇ ಕತ್ತರಿಸಿದಳು. 91 ಸೆಂಟಿಮೀಟರಿಗೆ ಬಂದ ಆ ಸ್ವೆಟರನ್ನು ತೊಟ್ಟುಕೊಂಡೇ ಅಜ್ಜ ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದರು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಂತಹುದೊಂದು ಇದ್ದರೆ, ಈ ಚಳಿಗಾಲಕ್ಕೆ ಮೊದಲು ಅದನ್ನು ಹೊರತೆಗೆದು, ಟೇಪು ಹಿಡಿದು ಒಮ್ಮೆ ಅಳೆದು ನೋಡಿರಿ.