ತುರ್ಭೆ ಗ್ರಾಮದ ಭೂಮಿ ಮತ್ತು ಇತಿಹಾಸ

ಠಾಣೆಯಿಂದ ವಾಶಿಗೆ ಹೋಗುವ ರೈಲಿನಲ್ಲಿ ಕೋಪರ್‌ಖೈರಣೆಯನ್ನು ದಾಟಿದೊಡನೆ ಬರುವ ನಿಲ್ದಾಣವೇ ತುರ್ಭೆ. ಅಲ್ಲಿ ನಮ್ಮ ಕಣ್ಣಿಗೆ ಬೀಳುವುವು ಕಾರ್ಖಾನೆಗಳು, ಲಾರಿಗಳ ಸಾಲುಗಳು ಮತ್ತು ವಿಶಾಲವಾದ ಸಗಟು ಮಾರುಕಟ್ಟೆ. ಆದರೆ 1960ರವರೆಗೂ ಇದು ಬತ್ತ ಬೆಳೆಯುವ ಹಳ್ಳಿಗಳ ಸೀಮೆಯಾಗಿದ್ದಿತು. ನಾವು ವಾಸಿಸುವ ನಗರವು ಎಂತಹ ನೆಲದ ಮೇಲೆ ನಿಂತಿದೆ, ಆ ನೆಲವನ್ನು ಯಾರು ಸಿದ್ಧಗೊಳಿಸಿದರು ಎಂಬುದನ್ನು ಅರಿಯುವುದು ವಿದ್ಯಾರ್ಥಿಗಳಾದ ನಮಗೆ ಅವಶ್ಯಕ.

ಮೊದಲು ಭೂಮಿಯ ಲಕ್ಷಣವನ್ನು ನೋಡೋಣ. ಪೂರ್ವದಲ್ಲಿ ಪಾರ್ಸಿಕ್ ಬೆಟ್ಟದ ಸಾಲು, ಪಶ್ಚಿಮದಲ್ಲಿ ಠಾಣೆಯ ಖಾಡಿ, ಇವುಗಳ ನಡುವೆ ಉತ್ತರ-ದಕ್ಷಿಣವಾಗಿ ಚಾಚಿದ ಕಿರಿದಾದ ನೆಲ. ಖಾಡಿಯೆಂದರೆ ಒಳನಾಡಿಗೆ ನುಗ್ಗಿದ ಕಡಲಿನ ಹಿನ್ನೀರು. ಮಳೆಗಾಲದಲ್ಲಿ ಬೆಟ್ಟದ ತೊರೆಗಳು ಸಿಹಿನೀರನ್ನು ಕೆಳಗಿಳಿಸುತ್ತವೆ. ದಿನಕ್ಕೆ ಎರಡು ಸಲ ಭರತವು ಉಪ್ಪುನೀರನ್ನು ಮೇಲಕ್ಕೆ ತರುತ್ತದೆ. ಈ ಎರಡು ನೀರುಗಳ ನಡುವೆ ಬೇಸಾಯ ಮಾಡುವುದೇ ಇಲ್ಲಿನ ರೈತನ ವಿದ್ಯೆಯಾಗಿದ್ದಿತು.

ಖಾಡಿಯ ಅಂಚಿನ ಜವುಗು ನೆಲಕ್ಕೆ ಜೇಡಿಮಣ್ಣಿನ ಒಡ್ಡು ಕಟ್ಟಿ, ನಡುವೆ ತೂಬನ್ನು ಇಡುತ್ತಿದ್ದರು. ಇಳಿತದಲ್ಲಿ ತೂಬಿನ ಮೂಲಕ ಗದ್ದೆಯ ಹೆಚ್ಚಿನ ನೀರು ಹೊರಗೆ ಹರಿಯುವುದು. ಭರತ ಬಂದಾಗ ತೂಬನ್ನು ಮುಚ್ಚಿ ಉಪ್ಪುನೀರನ್ನು ತಡೆಯುವುದು. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಬಳಿಕ, ಉಪ್ಪನ್ನು ತಾಳಬಲ್ಲ ಬತ್ತವನ್ನು ಬಿತ್ತುತ್ತಿದ್ದರು. ಇಂತಹ ನೆಲಕ್ಕೆ ಕೊಂಕಣದಲ್ಲಿ ‘ಖಾರ್’ ಭೂಮಿಯೆಂದು ಹೆಸರು. ಕನ್ನಡ ನಾಡಿನಲ್ಲಿಯೂ ಕುಮಟೆಯ ಬಳಿ ಅಘನಾಶಿನಿ ನದಿಯ ಅಳಿವೆಯಲ್ಲಿ ‘ಗಜನಿ’ ಎಂಬ ಇದೇ ಬಗೆಯ ಗದ್ದೆಗಳಿವೆ. ಅಲ್ಲಿಯ ಕಗ್ಗ ಬತ್ತವು ಪ್ರಸಿದ್ಧವಾದುದು.

ಒಡ್ಡು ಒಂದೆಡೆ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುವುದು. ಉಪ್ಪೇರಿದ ಮಣ್ಣು ಮತ್ತೆ ತಿಳಿಯಾಗಲು ಮುಂದಿನ ಮಳೆಗಾಲಗಳನ್ನೇ ಕಾಯಬೇಕು. ಆದುದರಿಂದ ಒಡ್ಡಿನ ರಕ್ಷಣೆಯು ಒಬ್ಬ ರೈತನದಾಗಿರದೆ ಇಡೀ ಊರಿನ ಹೊಣೆಯಾಗಿದ್ದಿತು.

ಈ ಸೀಮೆಯ ಮುಖ್ಯ ನಿವಾಸಿಗಳು ಆಗ್ರಿ ಮತ್ತು ಕೋಳಿ ಜನರು. ‘ಆಗರ’ವೆಂದರೆ ಉಪ್ಪಿನ ಹೊಲ, ಅದರಿಂದಲೇ ‘ಆಗ್ರಿ’ ಎಂಬ ಹೆಸರು ಬಂದಿತೆಂದು ಹೇಳುವರು. ನಮ್ಮ ಕನ್ನಡದ ‘ಉಪ್ಪಿನಾಗರ’ವೂ ಇದೇ ಮಾತು. ಮಳೆಗಾಲದಲ್ಲಿ ಬತ್ತ, ಬಿಸಿಲುಗಾಲದಲ್ಲಿ ಉಪ್ಪು, ಜೊತೆಗೆ ಖಾಡಿಯ ಮೀನು: ಇವು ಮೂರೂ ಸೇರಿ ಅವರ ಜೀವನವನ್ನು ನಡೆಸುತ್ತಿದ್ದವು.

ಇನ್ನು ಇತಿಹಾಸ. 9ನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಆತನೇ ನಾವು ‘ಕವಿರಾಜಮಾರ್ಗ’ದ ಪಾಠದಲ್ಲಿ ಕೇಳುವ ನೃಪತುಂಗ, ಆತನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮುಂದೆ ವಸಯಿ-ಠಾಣೆಗಳ ಕಡೆ ಪೋರ್ತುಗೀಜರು ನೆಲೆಯೂರಿದರು. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯ ಕೋಟೆಯನ್ನು ಗೆದ್ದನು. 1818ರಲ್ಲಿ ಪೇಶ್ವೆಯ ಆಳ್ವಿಕೆಯು ಮುಗಿದು ಕಂಪನಿಯ ಆಡಳಿತ ನೆಲೆಗೊಂಡಿತು.

ದೊಡ್ಡ ಬದಲಾವಣೆ ಬಂದುದು ಸ್ವಾತಂತ್ರ್ಯಾನಂತರ. 1960ರ ದಶಕದಲ್ಲಿ ಠಾಣೆ-ಬೇಲಾಪುರ ರಸ್ತೆಯ ಬದಿಯಲ್ಲಿ ಕೈಗಾರಿಕಾ ಪ್ರದೇಶವು ರೂಪುಗೊಂಡಿತು. ಮುಂಬಯಿಯ ಜನದಟ್ಟಣೆಯನ್ನು ತಗ್ಗಿಸಲು ಖಾಡಿಯಾಚೆ ಹೊಸ ನಗರವನ್ನು ಕಟ್ಟಬೇಕೆಂದು 1970ರಲ್ಲಿ ಸಿಡ್ಕೋ ಸಂಸ್ಥೆಯು ಸ್ಥಾಪಿತವಾಯಿತು. 95 ಗ್ರಾಮಗಳ ಸೀಮೆಯು ಯೋಜನೆಗೆ ಸೇರಿತು. 1973ರಲ್ಲಿ ವಾಶಿಯ ಸೇತುವೆಯಾಯಿತು. ಭೂಮಿಯನ್ನು ಕಳೆದುಕೊಂಡ ರೈತರು ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಹೋರಾಡಿದರು. 1984ರ ಜನವರಿಯಲ್ಲಿ ಉರಣ ಸೀಮೆಯಲ್ಲಿ ನಡೆದ ಗೋಳೀಬಾರಿನಲ್ಲಿ ಐವರು ಪ್ರಾಣವನ್ನು ತೆತ್ತರು. ತರುವಾಯ, ಕಳೆದುಕೊಂಡ ಭೂಮಿಯ 12.5 ಶತಾಂಶದಷ್ಟನ್ನು ಅಭಿವೃದ್ಧಿಗೊಂಡ ನಿವೇಶನವಾಗಿ ಹಿಂದಿರುಗಿಸುವ ಯೋಜನೆಯು ಜಾರಿಗೆ ಬಂದಿತು. 1992ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯು ಅಸ್ತಿತ್ವಕ್ಕೆ ಬಂದಿತು.

ಗದ್ದೆಗಳು ಹೋದರೂ ಊರಿನ ಮನೆಗಳಿದ್ದ ಮೂಲ ನೆಲೆಯು ‘ಗಾವಠಾಣ’ವೆಂಬ ಹೆಸರಿನಿಂದ ಉಳಿದಿದೆ. ಹೊಸ ನಗರದ ನೇರವಾದ ಬೀದಿಗಳನ್ನು ಬಿಟ್ಟು ಅತ್ತ ಹೊಕ್ಕರೆ, ಬಳುಕುವ ಓಣಿಗಳನ್ನೂ ಒತ್ತಾಗಿ ನಿಂತ ಮನೆಗಳನ್ನೂ ಕಾಣಬಹುದು. ಒಂದು ಕಾಲಕ್ಕೆ ತಾನೇ ಬತ್ತ ಬೆಳೆದ ತುರ್ಭೆಯ ಮಾರುಕಟ್ಟೆಗೆ ಈಗ ಧಾನ್ಯ, ಈರುಳ್ಳಿ, ಹಣ್ಣು, ತರಕಾರಿಗಳು ದೇಶದ ನಾನಾ ಕಡೆಗಳಿಂದ ಬರುತ್ತವೆ.

ಕಲಬುರಗಿ, ವಿಜಯಪುರಗಳ ಕಡೆಯಿಂದ ಮಳೆ ಕೈಕೊಟ್ಟಾಗ ಹೊಲವನ್ನು ಬಿಟ್ಟು ಈ ನಗರಕ್ಕೆ ದುಡಿಯಲು ಬಂದ ಕುಟುಂಬಗಳು ಎಷ್ಟೋ ಇವೆ. ನೀರಿಲ್ಲದೆ ಹೊಲವನ್ನು ಬಿಟ್ಟವರೂ ನಗರಕ್ಕಾಗಿ ಗದ್ದೆಯನ್ನು ಬಿಟ್ಟವರೂ ಇಲ್ಲಿ ನೆರೆಹೊರೆಯವರಾಗಿದ್ದಾರೆ. ಆದುದರಿಂದ ಆಗ್ರಿ ರೈತನ ಕಷ್ಟವು ನಮಗೆ ಅಪರಿಚಿತವಾದುದೇನೂ ಅಲ್ಲ. ಒಡ್ಡು ಕಟ್ಟಿ, ಕೆಸರು ತುಳಿದು, ಕೈಯಾರೆ ಬತ್ತ ನೆಟ್ಟ ಹಿರಿಯರು ಗಾವಠಾಣಗಳಲ್ಲಿ ಇನ್ನೂ ಇದ್ದಾರೆ. ರಜೆಯ ದಿನಗಳಲ್ಲಿ ಅವರ ಬಳಿ ಕುಳಿತು, ಯಾವ ಗದ್ದೆ ಎಲ್ಲಿತ್ತು, ಒಡ್ಡು ಎಲ್ಲಿ ಹಾದಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಾವು ಈ ವರ್ಷವೇ ಕೈಗೊಳ್ಳಬಹುದು.