ತೋಪಿಗೆ ನಾಣ್ಯ, ಬಂದೂಕಿಗೆ ಸೀಸದ ಕಾಳು

ವಿಜಯಪುರಕ್ಕೆ ಬಂದವರು ಷೇರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಹೋಗುವುದಿಲ್ಲ. ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿ, ಸುಮಾರು 55 ಟನ್ ತೂಕ, ನಾಲ್ಕೂವರೆ ಮೀಟರಿನಷ್ಟು ಉದ್ದ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ಬಂತು. ಇಷ್ಟನ್ನು ಯಾವ ಮಾರ್ಗದರ್ಶಿಯೂ ಹೇಳುತ್ತಾನೆ. ಆದರೆ ಇದರೊಳಗೆ ತುಂಬುತ್ತಿದ್ದುದೇನು?

ತೋಪಿನ ಬಾಯಿಯ ಒಳ ಅಗಲ ಸುಮಾರು 70 ಸೆಂಟಿಮೀಟರು. ಅಷ್ಟು ಗಾತ್ರದ ಸೀಸದ ಗುಂಡು ಮಾಡಿದರೆ ಅದರ ತೂಕವೇ ಎರಡು ಟನ್ ಆಗುತ್ತದೆ. ಕಲ್ಲಿನ ಗುಂಡಾದರೂ ಐದುನೂರು ಕಿಲೋ ಸಮೀಪ. ಅದನ್ನು ದೂರ ಎಸೆಯಲು ಉದ್ದ ನಳಿಗೆ ಬೇಕು. ಇದರ ನಳಿಗೆಯೋ ಗಿಡ್ಡ. ಉಪ್ಪಲಿ ಬುರುಜಿನ ಮೇಲಿರುವ ಒಂಬತ್ತು ಮೀಟರಿಗೂ ಹೆಚ್ಚು ಉದ್ದದ ತೋಪನ್ನು ಇದರೊಡನೆ ಹೋಲಿಸಿ ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಉತ್ತರದ ಸುಳಿವು ಆದಿಲಶಾಹಿ ಆಸ್ಥಾನದ ಇತಿಹಾಸಕಾರ ಫಿರಿಸ್ತಾನ ಬರಹದಲ್ಲಿದೆ. 1565ರ ಜನವರಿಯಲ್ಲಿ ನಡೆದ ತಾಳಿಕೋಟೆ ಕದನದಲ್ಲಿ ಅಹಮದ್‌ನಗರದ ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲ ತುಂಬಿ, ವಿಜಯನಗರದ ಪಡೆ ತೀರ ಹತ್ತಿರ ಬಂದಾಗ ಹಾರಿಸಲಾಯಿತೆಂದು ಆತ ಹೇಳುತ್ತಾನೆ. ಆ ತೋಪುಗಳಲ್ಲಿ ಮಲಿಕ್-ಎ-ಮೈದಾನವೂ ಇತ್ತೆಂಬುದು ಸ್ಥಳೀಯ ಪ್ರತೀತಿ. ಅದೇನೇ ಇರಲಿ, ಉಪಾಯ ಮಾತ್ರ ಭಯಂಕರವಾದದ್ದು. ಒಂದು ಗುಂಡು ಒಂದು ಸಾಲನ್ನು ಸೀಳಿದರೆ, ಚೀಲ ಹರಿದು ಚೆದುರುವ ನಾಣ್ಯಗಳು ಇಡೀ ಗುಂಪನ್ನೇ ಕೆಡವುತ್ತವೆ. ಯುರೋಪಿನಲ್ಲಿ ಚೀಲದಲ್ಲಿ ಕಟ್ಟಿದ ಕಬ್ಬಿಣದ ಸಣ್ಣ ಗುಂಡುಗಳನ್ನು ಇದೇ ರೀತಿ ಹಾರಿಸುತ್ತಿದ್ದರು. ನೋಡಲು ದ್ರಾಕ್ಷಿ ಗೊನೆಯಂತಿದ್ದುದರಿಂದ ಅದಕ್ಕೆ ಇಂಗ್ಲಿಷಿನಲ್ಲಿ ‘ಗ್ರೇಪ್‌ಷಾಟ್’ ಎಂದೇ ಹೆಸರು. ದ್ರಾಕ್ಷಿ ಬೆಳೆಯುವ ತಿಕೋಟಾದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ಇಂದಿನ ಜೋಡುನಳಿಗೆ ಬಂದೂಕಿನ ತೋಟಾ ಅದೇ ಚೀಲದ ಮರಿ. ಹೆಬ್ಬೆರಳು ಗಾತ್ರದ ಕೊಳವೆ. ಹಿಂದೆ ಕಾಗದದ್ದಿತ್ತು, ಈಗ ಪ್ಲಾಸ್ಟಿಕ್ಕಿನದು. ಬುಡದಲ್ಲಿ ಲೋಹದ ಟೊಪ್ಪಿಗೆ, ಅದರ ನಡುವೆ ಬಟ್ಟಲಿನಂಥ ಪುಟ್ಟ ಕೇಪು. ಕೇಪಿನ ಮುಂದೆ ಮದ್ದು, ಮದ್ದಿನ ಮುಂದೆ ಬಿರಡೆ, ಬಿರಡೆಯ ಮುಂದೆ ಸೀಸದ ಕಾಳು. ಕುದುರೆ ಎಳೆದಾಗ ಮೊಳೆ ಕೇಪಿಗೆ ಬಡಿಯುತ್ತದೆ. ಕೇಪಿನ ಕಿಡಿ ಮದ್ದಿಗೆ ತಗಲಿ, ಮದ್ದು ಕ್ಷಣಾರ್ಧದಲ್ಲಿ ಉರಿದು ಅನಿಲವಾಗುತ್ತದೆ. ಇಲ್ಲಿ ಬಿರಡೆಯ ಕೆಲಸ ದೊಡ್ಡದು. ಅದಿಲ್ಲದಿದ್ದರೆ ಅನಿಲ ಕಾಳುಗಳ ಸಂದಿನಿಂದ ನುಸುಳಿ ವ್ಯರ್ಥವಾಗುತ್ತಿತ್ತು. ಬಿರಡೆ ಅದನ್ನು ತಡೆದು, ಕಾಳುಗಳನ್ನೆಲ್ಲ ಒಟ್ಟಿಗೆ ಮುಂದಕ್ಕೆ ತಳ್ಳುತ್ತದೆ.

‘ಹನ್ನೆರಡು ಬೋರು’ ಎಂಬ ಮಾತು ಎಲ್ಲರ ಬಾಯಲ್ಲಿದೆ, ಅರ್ಥ ಬಲ್ಲವರು ಕಡಿಮೆ. ಒಂದು ಪೌಂಡ್ ಸೀಸದಿಂದ 12 ಸಮ ಗುಂಡು ಮಾಡಿದರೆ ಅದರಲ್ಲೊಂದು ನಳಿಗೆಗೆ ಸರಿಯಾಗಿ ಕೂಡುತ್ತದೆ. ಅಳತೆ ಸುಮಾರು 18.5 ಮಿಲಿಮೀಟರು. ಆದ್ದರಿಂದಲೇ 16 ಬೋರಿನ ನಳಿಗೆ 12ರದಕ್ಕಿಂತ ಸಣ್ಣದು. ಕಾಳುಗಳ ನಂಬರಿನ ಲೆಕ್ಕವೂ ಹೀಗೆಯೇ ತಿರುವುಮುರುವು: ನಂಬರು ಹೆಚ್ಚಾದಷ್ಟು ಕಾಳು ಚಿಕ್ಕದು. ಆರನೆಯ ನಂಬರಿನದು ಹೆಚ್ಚುಕಡಿಮೆ ಸಜ್ಜೆ ಕಾಳಿನಷ್ಟು. ಬ್ರಿಟಿಷ್ ಅಳತೆಯಂತೆ ಒಂದು ಔನ್ಸಿಗೆ ಸುಮಾರು 270 ಹಿಡಿಯುತ್ತವೆ. ಎಲ್‌ಜಿ, ಎಸ್‌ಜಿ ಎಂಬವುಗಳಲ್ಲಿ ಕೆಲವೇ ದೊಡ್ಡ ಕಾಳುಗಳಿರುತ್ತವೆ.

‘ಕಾಳಿನ ಬಂದೂಕಿಗೆ ಗುರಿ ಬೇಡ, ದೂರದಿಂದ ಅಪಾಯವೂ ಇಲ್ಲ’ ಎಂಬ ಮಾತು ಬಾಬಲೇಶ್ವರದ ಕಡೆಯ ಹೊಲಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಎರಡೂ ಅರ್ಧ ಸತ್ಯ. ಹತ್ತಡಿಯೊಳಗೆ ಕಾಳುಗಳು ಚೆದುರಿರುವುದೇ ಇಲ್ಲ. ಒಂದೇ ಮುದ್ದೆಯಾಗಿ ಬಡಿಯುತ್ತವೆ. ಆ ಗಾಯ ರೈಫಲ್ಲಿನ ಗಾಯಕ್ಕಿಂತ ಘೋರ. ನಲವತ್ತು ಗಜದಲ್ಲಿ ಅವು ಸುಮಾರು ಒಂದು ಮೀಟರು ಅಗಲಕ್ಕೆ ಹರಡುತ್ತವೆ. ಹಗುರವಾದ ಕಾಳು ಬೇಗ ವೇಗ ಕಳೆದುಕೊಳ್ಳುವುದು ನಿಜ. ಹಾಗೆಂದು ನೂರು ಗಜದಾಚೆ ನಿಂತವನ ಕಣ್ಣು ಉಳಿದೀತೆಂಬ ಖಾತರಿ ಇಲ್ಲ. ಎಲ್‌ಜಿ ಕಾಳಾದರೆ ಅಲ್ಲಿಯೂ ಪ್ರಾಣಾಪಾಯ.

ಕಾನೂನು ಈ ಬಂದೂಕಿನ ಬಗ್ಗೆ ತುಸು ಉದಾರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಆತ್ಮರಕ್ಷಣೆಗೆ ನುಣುಪು ನಳಿಗೆಯ ಬಂದೂಕಿಗೂ, ಬೆಳೆ ಕಾವಲಿಗೆ ಬಾಯಿಂದ ಮದ್ದು ತುಂಬುವ ಕೋವಿಗೂ ಪರವಾನಗಿಯ ದಾರಿ ಇಟ್ಟಿದೆ. ಆದರೆ ಬೆಳೆ ಕಾವಲಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ಜಿಂಕೆ, ನವಿಲುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರಿಗಾಗಿ 2019ರ ತಿದ್ದುಪಡಿ ಬೇರೆಯೇ ಕಲಮು ಸೇರಿಸಿತು. ಅದರಿಂದ ಯಾರದೇ ಜೀವಕ್ಕೆ ಅಪಾಯ ಒದಗುವಂತಿದ್ದರೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.