ಬಿ.ಎಸ್ಸಿ. ಮಾರ್ಕ್ಸ್ ಕಾರ್ಡನ್ನು ಯಾರೂ ಕೇಳಲಿಲ್ಲ

ನಮ್ಮ ದೊಡ್ಡ ಮಗಳು ಬಿ.ಎಸ್ಸಿ. ಮುಗಿಸಿದ್ದು 2022ರಲ್ಲಿ. ಮುಗಿಸಿದಳು ಅನ್ನುವುದಕ್ಕಿಂತ ಹೇಗೋ ದಾಟಿದಳು ಅಂದರೇ ಸರಿ. ಮೂರು ಪೇಪರುಗಳನ್ನು ಮತ್ತೆ ಕಟ್ಟಿ ಬರೆದು, ಕೊನೆಗೆ ಬಂದದ್ದು ಶೇಕಡಾ 52. ಕೊರೋನಾ ಕಾಲದಲ್ಲಿ ಮನೆಗೆಲ್ಲ ಒಂದೇ ಫೋನು. ಇವಳು ಪಾಠ ಕೇಳುತ್ತಿದ್ದಾಗಲೇ ನಮ್ಮ ಯಜಮಾನರಿಗೆ ಅಂಗಡಿಯ ಕರೆ ಬರುತ್ತಿತ್ತು. ಅದೊಂದೇ ಕಾರಣ ಅಂತ ನಾನು ಹೇಳೋಲ್ಲ. ಹುಡುಗಿಗೆ ಆ ಓದಿನಲ್ಲಿ ಮನಸ್ಸೇ ಇರಲಿಲ್ಲ. 2019ರಲ್ಲಿ ಪಿಯುಸಿ ಆದಾಗ ಡಾಕ್ಟರಾಗಬೇಕೆಂದು ನೀಟ್ ಬರೆದಿದ್ದಳು. ಸೀಟು ಸಿಗಲಿಲ್ಲ. ಸುಮ್ಮನೆ ಮನೇಲಿ ಕೂರೋದು ಬೇಡ ಅಂತ ನಾವೇ ಹತ್ತಿರದ ಕಾಲೇಜಿಗೆ ಸೇರಿಸಿದ್ದೆವು.

ಫಲಿತಾಂಶ ಬಂದ ತಿಂಗಳಲ್ಲೇ ಒಂದು ಸಂಬಂಧ ಕೂಡಿಬಂತು. ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರು, ಒಳ್ಳೇ ಜನ. ನಾನಂತೂ ಹೂಂ ಅಂದುಬಿಟ್ಟೆ. ಆ ರಾತ್ರಿ ಪಾತ್ರೆ ತೊಳೆಯುತ್ತಾ ಇವಳು, "ಅಮ್ಮಾ, ಇನ್ನೊಂದ್ಸಲ ನೀಟ್ ಬರೀಲಾ?" ಅಂದಳು. ನನಗೆ ರೇಗಿಹೋಯಿತು. "ಬಿ.ಎಸ್ಸೀನೇ ತಿಣುಕಾಡಿ ಪಾಸಾದೋಳು ಡಾಕ್ಟರಾಗ್ತೀಯಾ? ಆ ಮಾರ್ಕ್ಸ್ ಕಾರ್ಡ್ ನೋಡಿ ಯಾರು ಸೇರಿಸ್ಕೋತಾರೆ?" ಅಂದೆ. ಅವಳು ತಿರುಗಿ ಮಾತಾಡಲಿಲ್ಲ. ಲೋಟಗಳನ್ನು ಬೋರಲು ಹಾಕಿ ಒಳಗೆ ಹೋದಳು.

ಎಸ್ಸೆಸ್ಸೆಲ್ಸಿ ಓದಿದವಳು ನಾನು. ನನಗೇ ಗೊತ್ತಿಲ್ಲದ ಸಂಗತಿಯನ್ನು ಅಷ್ಟು ಜೋರಾಗಿ ಆಡಿದ್ದೆ. ತಿದ್ದಿದವರು ನಮ್ಮ ಬೀದಿಯ ನಿವೃತ್ತ ಹೈಸ್ಕೂಲು ಮೇಷ್ಟ್ರು. ಸೋದರಿಯರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಎಂಬಿಬಿಎಸ್ ಸೀಟಿಗೆ ಡಿಗ್ರಿಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಪಿಯುಸಿಯಲ್ಲಿ ಇಂಗ್ಲಿಷ್ ಪಾಸಾಗಿರಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ 40 ಇದ್ದರಾಯಿತು. ಆಮೇಲೆ ನೀಟ್ ಅಂಕದ್ದೇ ಕಾರುಬಾರು. ವಯಸ್ಸು ಇಷ್ಟು ದಾಟಿರಬಾರದು ಎಂಬ ಕಟ್ಟಳೆಯನ್ನೂ 2022ರಲ್ಲಿ ತೆಗೆದಿದ್ದಾರೆ. ಪರೀಕ್ಷೆ 720 ಅಂಕಕ್ಕೆ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರಕ್ಕೇ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಇವಳ ಪಿಯುಸಿ ಅಂಕ 64 ಇತ್ತು. ಅಂದರೆ ಬಾಗಿಲು ಹಾಕಿರಲೇ ಇಲ್ಲ, ನಾವೇ ಹಾಕಿದೆ ಅಂದುಕೊಂಡಿದ್ದೆವು.

ಗಂಡಿನ ಕಡೆಯವರಿಗೆ ಬೇಡ ಅಂತ ಹೇಳಿಬರಲು ನಾನೇ ಹೋದೆ, ಹೂಂ ಅಂದವಳು ನಾನಲ್ವೇ. ಹುಡುಗನ ತಾಯಿ ಕಾಫಿ ಕೊಡಲಿಲ್ಲ. ತಪ್ಪೇನಿಲ್ಲ ಬಿಡಿ, ನಾನಾಗಿದ್ದರೂ ಕೊಡ್ತಿರಲಿಲ್ಲ.

ದೂರದೂರಿನ ತರಬೇತಿಗೆ ಕಟ್ಟುವಷ್ಟು ಹಣ ನಮ್ಮಲ್ಲಿರಲಿಲ್ಲ. ಮನೆಯಲ್ಲೇ ಎನ್‌ಸಿಇಆರ್‌ಟಿ ಪುಸ್ತಕ ಇಟ್ಟುಕೊಂಡು ಕೂತಳು. 2023ರ ಮೇ 7ರಂದು ಬರೆದಳು, ಬಂದದ್ದು 431. ಬಯಾಲಜಿಯಲ್ಲಿ ಚೆನ್ನಾಗಿಯೇ ಇತ್ತು, ಡಿಗ್ರಿಯ ಬಾಟನಿ, ಜುವಾಲಜಿ ಅಷ್ಟಾದರೂ ಕೈಹಿಡಿದಿತ್ತು. ಮುಳುಗಿಸಿದ್ದು ಫಿಸಿಕ್ಸು; ಮೂರು ವರ್ಷದಿಂದ ಅದನ್ನು ಮುಟ್ಟಿಯೇ ಇರಲಿಲ್ಲ. ನಮ್ಮ ನಾದಿನಿ ಬಂದು, "ಇಪ್ಪತ್ತೆರಡು ತುಂಬ್ತು, ಇನ್ನೆಷ್ಟು ಸಲ?" ಅಂದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷವೆಲ್ಲ ಸಂಜೆ ಮೇಷ್ಟ್ರ ಜಗಲಿಯಲ್ಲಿ ಬರೀ ಫಿಸಿಕ್ಸ್ ಲೆಕ್ಕ. ಭಾನುವಾರ ಮಧ್ಯಾಹ್ನ 2ರಿಂದ 5.20ರವರೆಗೆ ಮಾದರಿ ಪರೀಕ್ಷೆ. ಆಗ ಪರೀಕ್ಷೆಯ ಅವಧಿಯೇ ಅಷ್ಟಿತ್ತು, 2025ರಿಂದ ಮೂರೇ ಗಂಟೆ. ಗಡಿಯಾರ ನೋಡೋ ಕೆಲಸ ನನ್ನದು. ಆ ಹೊತ್ತಲ್ಲಿ ಮಿಕ್ಸಿ ಹಾಕೋ ಹಾಗಿಲ್ಲ, ಕುಕ್ಕರ್ ಕೂಗಿಸೋ ಹಾಗಿಲ್ಲ. ಒಂದು ವರ್ಷ ನಮ್ಮನೇಲಿ ಭಾನುವಾರದ ಚಟ್ನಿ ಒರಳಿನಲ್ಲೇ ಆಯಿತು.

2024ರ ಮೇ 5ರ ಪರೀಕ್ಷೆಯ ಗಲಾಟೆ ನಿಮಗೆಲ್ಲ ನೆನಪಿರಬೇಕು. ಜೂನ್ 4ಕ್ಕೆ ಫಲಿತಾಂಶ, ಇವಳಿಗೆ 601. ನಾನು ತುಪ್ಪದ ದೀಪ ಹಚ್ಚಿದೆ. ಇವಳು ಮಾತ್ರ ನಗಲಿಲ್ಲ. ಆ ವರ್ಷ ಎಲ್ಲರ ಅಂಕವೂ ಏರಿತ್ತು, ಪ್ರಶ್ನೆಪತ್ರಿಕೆ ಸೋರಿದೆ, ಪರೀಕ್ಷೆಯೇ ರದ್ದಾಗಬೇಕು ಅಂತ ಕೇಸು ಬೇರೆ. ಜುಲೈ 23ರಂದು ಸುಪ್ರೀಂ ಕೋರ್ಟು ಮರುಪರೀಕ್ಷೆ ಬೇಡ ಅಂತು. ಉಸಿರು ಬಿಡೋದರೊಳಗೆ ಇನ್ನೊಂದು. ಫಿಸಿಕ್ಸಿನ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಅಂತ ಒಪ್ಪಿದ್ದರು, ಈಗ ಒಂದೇ ಸರಿ ಅಂದರು. ಇವಳು ಬರೆದಿದ್ದು ಇನ್ನೊಂದನ್ನು! ಸಿಕ್ಕಿದ್ದ 4 ಹೋಗಿ, ಮೇಲೆ 1 ಕಳೆದು, 596 ಆಯಿತು. ಐದು ಅಂಕಕ್ಕೆ ಸಾವಿರಗಟ್ಟಲೆ ರ‍್ಯಾಂಕು ಹಿಂದೆ ಬೀಳುತ್ತೆ ಅಂತ ನನಗೆ ಆಗಲೇ ತಿಳಿದದ್ದು. ಅವತ್ತು ಅವಳು ಊಟ ಮಾಡಲಿಲ್ಲ.

ಕೈಹಿಡಿದದ್ದು ಕಾಗದಪತ್ರ. ನಿಮ್ಮ ಮಕ್ಕಳು ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಇದನ್ನು ಮರೆಯಬೇಡಿ: ನಮ್ಮ ರಾಜ್ಯದ ಸೀಟುಗಳಲ್ಲಿ ಗ್ರಾಮೀಣರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ 5 ಮೀಸಲಿದೆ. ಮುಖ್ಯೋಪಾಧ್ಯಾಯರ ರುಜು, ಅದರ ಮೇಲೆ ಬಿಇಓ ರುಜು ಬೇಕು. ಇವಳು ಓದಿದ್ದು ನನ್ನ ತವರಿನ ಶಾಲೆಯಲ್ಲಿ. ಬಸ್ಸು ಹತ್ತಿ ನಾಲ್ಕು ಸಲ ಅಲೆದೆ. ಪಿಯುಸಿಯ ಅಸಲು ಮಾರ್ಕ್ಸ್ ಕಾರ್ಡು ಡಿಗ್ರಿ ಕಾಲೇಜಿನಲ್ಲೇ ಉಳಿದಿತ್ತು, ಅದನ್ನು ಬಿಡಿಸಿಕೊಳ್ಳೋದಕ್ಕೆ ಇನ್ನೆರಡು ಸಲ. ಡಿಗ್ರಿ ಮಾಡಿದ ಮಕ್ಕಳಿದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

ಮೊದಲನೇ ಸುತ್ತಿನಲ್ಲಿ ಸಿಕ್ಕಿದ್ದು ಖಾಸಗಿ ಕಾಲೇಜು, ವರ್ಷಕ್ಕೆ ಲಕ್ಷದ ಮೇಲೆ. ಯಜಮಾನರು ಸಾಲ ಮಾಡೋಣ ಅಂದರು, ಇವಳು ಕಾಯ್ತೀನಿ ಅಂದಳು. ಎರಡನೇ ಸುತ್ತಿನಲ್ಲಿ ಕೊಪ್ಪಳದ ಸರಕಾರಿ ಕಾಲೇಜು ಬಂತು. ದಾಖಲಾತಿಗೆ ನಾನೂ ಹೋಗಿದ್ದೆ. ಮೇಜಿನ ಆಚೆ ಕೂತವರು ಪಿಯುಸಿ ಕಾರ್ಡು, ನೀಟ್ ಕಾಗದ, ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿ ಕಟ್ಟಿದರು. ಶೇಕಡಾ 52ರ ಆ ಕಾರ್ಡು ನನ್ನ ಬ್ಯಾಗಿನಲ್ಲೇ ಉಳಿಯಿತು.

ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್ಪು. ಮುಗಿಯೋ ಹೊತ್ತಿಗೆ ಅವಳಿಗೆ ಇಪ್ಪತ್ತೊಂಬತ್ತು. ಜೊತೆಯಲ್ಲಿ ಓದಿದ ಹುಡುಗಿಯರ ಮಕ್ಕಳು ಸ್ಕೂಲಿಗೆ ಹೋಗುತ್ತಿರುತ್ತಾರೆ. ಹಾಸ್ಟೆಲ್ಲಿನಲ್ಲಿ ಎಲ್ಲರಿಗಿಂತ ದೊಡ್ಡವಳು ಇವಳೇ, ಹದಿನೆಂಟರ ಹುಡುಗಿಯರು "ಅಕ್ಕಾ" ಅಂತ ಕರೀತಾರಂತೆ. ಮೊದಲನೇ ವರ್ಷದ ಬಯೋಕೆಮಿಸ್ಟ್ರಿಯನ್ನು ಅವರಿಗೆ ಹೇಳಿಕೊಡ್ತಿದ್ದಳಂತೆ, ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರೀನ ಎರಡು ಸಲ ಕಟ್ಟಿದೋಳು. ನಾನು ನಂಬಲಿಲ್ಲ. "ಎರಡು ಸಲ ಓದಿದ್ದಕ್ಕೇ ಬರುತ್ತೆ ಕಣಮ್ಮಾ" ಅಂತ ಫೋನಿನಲ್ಲಿ ನಕ್ಕಳು. ಆಮೇಲೆ, ಶೇಂಗಾ ಚಟ್ನಿಪುಡಿ ಖಾಲಿಯಾಗಿದೆ, ಈ ಸಲ ಎರಡು ಡಬ್ಬಿ ಕಳಿಸು ಅಂದಳು.